ಕಡಲಾಮೆಯ ತವರು

ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ದಖ್ಖಣದ ಹೆಬ್ಬಂಡೆಗಳ ನಡುವೆ ನೆಲೆಸಿರುವ ಹೈದರಾಬಾದಿನಲ್ಲಿ ಕುಳಿತು, ಒರಿಸ್ಸದ ಮರಳಿನಲ್ಲಿ ಮೊಟ್ಟೆಯಿಡುವ ಕಡಲಾಮೆಯ ವಂಶಚರಿತ್ರೆಯನ್ನು ವಿದ್ವಾಂಸರು ಓದಿದರೆಂಬುದು ಮೊದಲ ಕೇಳ್ವಿಗೆ ಸೋಜಿಗವೆನಿಸೀತು. ಆದರೆ 1977ರಲ್ಲಿ ಪುಷ್ಪಮಿತ್ರ ಭಾರ್ಗವರ ನೇತೃತ್ವದಲ್ಲಿ ಅಲ್ಲಿ ಸ್ಥಾಪಿತವಾದ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ, ಎಂದರೆ ಸಿ.ಸಿ.ಎಂ.ಬಿ.ಯ, ಪೂರ್ವೇತಿಹಾಸವನ್ನು ಬಲ್ಲವರಿಗೆ ಇದರಲ್ಲಿ ಒಂದು ಸಹಜವಾದ ಕ್ರಮವೇ ಕಾಣುತ್ತದೆ. ಅಲ್ಲಿಯ ವಿಜ್ಞಾನಿ ಲಾಲ್‌ಜಿ ಸಿಂಗರು ಕಟ್ಟುಹಾವಿನ ಡಿ.ಎನ್.ಎ.ಯಿಂದ ಬೇರ್ಪಡಿಸಿದ್ದ ಒಂದು ತುಣುಕು 1980ರ ದಶಕದ ಕೊನೆಗೆ ಮನುಷ್ಯರ ಡಿ.ಎನ್.ಎ. ಬೆರಳಚ್ಚಿಗೆ ಸಾಧನವಾಯಿತು; ಮಗುವಿನ ತಂದೆ ಯಾರೆಂದು ನ್ಯಾಯಾಲಯಕ್ಕೆ ತಿಳಿಸಬಲ್ಲ ವಿದ್ಯೆಯು ಮೃಗಪಕ್ಷಿಗಳ ಕುಲವನ್ನೂ ತಿಳಿಸಬಲ್ಲುದಾದುದರಿಂದ, ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆಗೆಂದು 1998ರಲ್ಲಿ ಅದೇ ಕೇಂದ್ರದ ಅಂಗವಾಗಿ ಪ್ರತ್ಯೇಕ ಪ್ರಯೋಗಾಲಯವೊಂದು ರೂಪುಗೊಂಡಿತು.

ಆಲಿವ್ ರಿಡ್ಲೆ ಎಂಬ ಈ ಕಡಲಾಮೆ ನಮಗೆ ಅಪರಿಚಿತವಲ್ಲ. ಹೊನ್ನಾವರದ ಮರಳಿನಲ್ಲಿಯೂ ಅದು ಒಂಟಿಯಾಗಿ ಬಂದು ಮೊಟ್ಟೆಯಿಟ್ಟುಹೋಗುತ್ತದೆ. ಆದರೆ ಮೆಕ್ಸಿಕೊ ಮತ್ತು ಕೋಸ್ಟರೀಕಗಳನ್ನು ಬಿಟ್ಟರೆ, ಸಹಸ್ರ ಸಹಸ್ರವಾಗಿ ಏಕಕಾಲಕ್ಕೆ ದಡವೇರುವ ಆಮೆಗಳ ಮಹಾಸಮೂಹಕ್ಕೆ ಪ್ರಸಿದ್ಧವಾದುದು ಒರಿಸ್ಸದ ಕರಾವಳಿಯೇ. ಗಹಿರ್‌ಮಠದ ನೆಲೆಯು 1974ರಲ್ಲಿಯೂ, ದೇವೀ ನದೀಮುಖದ್ದು 1981ರಲ್ಲಿಯೂ, ಋಷಿಕುಲ್ಯದ್ದು 1994ರಲ್ಲಿಯೂ ವಿಜ್ಞಾನಿಗಳ ಗಮನಕ್ಕೆ ಬಂದುವು. ಒಂದೇ ಕರಾವಳಿಯ ಈ ಮೂರು ನೆಲೆಗಳಲ್ಲಿ ಮೂರು ಕುಲಗಳಿವೆಯೋ, ಒಂದೇ ಕುಲವು ಮೂರೆಡೆ ಇಳಿಯುತ್ತದೆಯೋ ಎಂಬ ಪ್ರಶ್ನೆ ಆಗ ಹುಟ್ಟಿತು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಂತೆ, ಹೆಣ್ಣಾಮೆಯೂ ತಾನು ಹುಟ್ಟಿದ ದಡಕ್ಕೇ ಮರಳುವುದೆಂದು ಅಮೆರಿಕದ ವಿಜ್ಞಾನಿ ಆರ್ಚಿ ಕಾರ್ ಬಹುಕಾಲದ ಹಿಂದೆಯೇ ಊಹಿಸಿದ್ದರು. ಆದರೆ ದಡಕ್ಕೆ ಬಂದ ತಾಯಿಗೆ ಲೋಹದ ಬಿಲ್ಲೆ ತೊಡಿಸಬಹುದಲ್ಲದೆ, ಅಂಗೈಯಲ್ಲಿ ಅಡಗುವ ಮರಿಗೆ ತೊಡಿಸಿ, ಅದು ಪ್ರಾಯಕ್ಕೆ ಬಂದು ಹಿಂದಿರುಗುವವರೆಗೆ ಕಾಯುವುದು ಸಾಧ್ಯವಿರಲಿಲ್ಲ. ಈ ಕಗ್ಗಂಟನ್ನು ಸಡಿಲಿಸಿದುದು ಮೈಟೊಕಾಂಡ್ರಿಯದ ಡಿ.ಎನ್.ಎ. ತಂದೆಯ ಸಂಪರ್ಕವಿಲ್ಲದೆ ತಾಯಿಯಿಂದಲೇ ಮಕ್ಕಳಿಗೆ ಇಳಿದುಬರುವ ಅದರಲ್ಲಿ ತಲೆಮಾರುಗಳುದ್ದಕ್ಕೂ ಒಂದೊಂದಾಗಿ ಕೂಡಿಕೊಳ್ಳುವ ಅಕ್ಷರಭೇದಗಳೇ ಮಾತೃವಂಶದ ಮುದ್ರೆಗಳು. ಯಾವ ಬಿಲ್ಲೆಯೂ ಇಷ್ಟು ಕಾಲ ಉಳಿಯದು. ಮುದ್ರೆಗಳ ಹಂಚಿಕೆಯನ್ನು ಭೂಪಟದ ಮೇಲಿರಿಸಿ ಜೀವಿಗಳ ಹಿಂದಿನ ಸಂಚಾರವನ್ನು ಅರಿಯುವ ಶಾಸ್ತ್ರಕ್ಕೆ ಜಾನ್ ಅವೀಸ್ ಮತ್ತವರ ಸಂಗಡಿಗರು 1987ರಲ್ಲಿ ನಾಮಕರಣ ಮಾಡಿದರು. ಅದನ್ನು ಕನ್ನಡದಲ್ಲಿ ವಂಶಭೂಗೋಳವೆನ್ನಬಹುದು. ಕಾರ್ ಅವರ ಊಹೆಗೆ ಹಸಿರಾಮೆಗಳಲ್ಲಿ ಬಲವಾದ ಆಧಾರ ದೊರೆತುದೂ ಈ ದಾರಿಯಿಂದಲೇ.

ಕಾರ್ತಿಕ ಶಂಕರ್, ಜೆ. ರಮಾದೇವಿ, ಬಿ.ಸಿ. ಚೌಧುರಿ, ಲಾಲ್‌ಜಿ ಸಿಂಗ್, ಆರ್.ಕೆ. ಅಗರ್‌ವಾಲ್ ಇವರು 2004ರಲ್ಲಿ ಪ್ರಕಟಿಸಿದ ಪ್ರಬಂಧವು ನಮ್ಮ ಪೂರ್ವ ಕರಾವಳಿಯ ಪ್ರಶ್ನೆಗೆ ಉತ್ತರವಿತ್ತಿತು. ಆ ಕರಾವಳಿಯ ಆಮೆಗಳೆಲ್ಲ ಪರಸ್ಪರ ಬೆರೆಯುವ ಒಂದೇ ಸಮುದಾಯ. ಇವುಗಳ ತವರು ಒಂದು ದಿಣ್ಣೆಯಲ್ಲ, ಇಡೀ ಕಡಲತಡಿ. ಹೀಗಿದ್ದೂ, ಕೂಗಳತೆಯ ನೆರೆಯಂತಿರುವ ಸಿಂಹಳದ ಆಮೆಗಳಿಂದಲೂ ಈ ಸಮುದಾಯವು ಭಿನ್ನವಾಗಿಯೇ ನಿಂತಿತು. ಸುಮಾರು ಶೇಕಡಾ 96ರಷ್ಟು ಭಾರತದ ಆಮೆಗಳು ‘ಕೆ’ ಎಂದು ಗುರುತಿಸಲಾದ ಒಂದು ವಿಶಿಷ್ಟ ಶಾಖೆಗೆ ಸೇರಿದ್ದು, ಅವುಗಳ ಡಿ.ಎನ್.ಎ. ರೂಪಭೇದಗಳು ತುಲನೆಗೆ ದೊರೆತ ಬೇರಾವ ಸಮುದಾಯದಲ್ಲಿಯೂ ಕಾಣಲಿಲ್ಲ. ಇದಕ್ಕೂ ಮಿಗಿಲಾಗಿ ನನ್ನನ್ನು ಹಿಡಿದು ನಿಲ್ಲಿಸಿದ ನಿರ್ಣಯವೆಂದರೆ, ಹಿಂದೂ ಮಹಾಸಾಗರದ ಶಾಖೆಗಳೇ ದೂರದೂರಕ್ಕೆ ಪಸರಿಸಿ ಇತರ ಸಾಗರಗಳನ್ನು ತುಂಬಿರಬೇಕೆಂಬುದು; ಹಾಗಿದ್ದಲ್ಲಿ, ಇಂದು ಪೆಸಿಫಿಕ್ ಮತ್ತು ಅಟ್ಲಾಂಟಿಕ್ ತೀರಗಳಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆಗಳಿಗೆಲ್ಲ ಮೂಲದ ತವರು ನಮ್ಮ ಸಾಗರವೇ.

ಈ ಶೋಧನೆಯ ಹಿಂದೆ ಒಂದು ದಾರುಣವಾದ ಲೆಕ್ಕವಿತ್ತೆಂಬುದನ್ನು ಮರೆಯಲಾಗದು. ಮೀನುಗಾರಿಕೆಯ ಬಲೆಗಳಲ್ಲಿ ಸಿಲುಕಿ ಉಸಿರುಕಟ್ಟಿ ಸತ್ತು ಒರಿಸ್ಸದ ದಡಕ್ಕೆ ಬಿದ್ದ ಆಮೆಗಳು, ಪ್ರಬಂಧಕ್ಕೆ ಹಿಂದಿನ 10 ವರ್ಷಗಳಲ್ಲಿ ಎಣಿಕೆಗೆ ಸಿಕ್ಕವೇ 1,00,000ಕ್ಕೂ ಹೆಚ್ಚು. ಇಷ್ಟಾದರೂ, ಆಲಿವ್ ರಿಡ್ಲೆಯ ಹತ್ತಿರದ ಬಂಧುವಾದ ಮೆಕ್ಸಿಕೊ ಕೊಲ್ಲಿಯ ಕೆಂಪ್ಸ್ ರಿಡ್ಲೆಯು ಪ್ರತ್ಯೇಕ ಪ್ರಭೇದವೆಂಬ ಹೆಸರಿನ ಬಲದಿಂದ ಲೋಕದ ಕಾಳಜಿಗೆ ಪಾತ್ರವಾಯಿತು. ನಮ್ಮದಾದರೋ, ಜಗತ್ತಿನಲ್ಲೆಲ್ಲ ಇರುವ ಪ್ರಾಣಿಯೆಂಬ ಕಾರಣಕ್ಕೆ ಹಿಂದುಳಿಯಿತು. ಹೆಸರಿನ ಏಕತೆಯನ್ನೇ ವಂಶದ ಏಕತೆಯೆಂದು ಭ್ರಮಿಸಿದ ಈ ನಡೆಯನ್ನು ಹೈದರಾಬಾದಿನ ಪ್ರಬಂಧವು ನೇರವಾಗಿ ಪ್ರಶ್ನಿಸಿತು. ಅದರ ವಾದ ಯುಕ್ತವೆಂದೇ ನನ್ನ ಎಣಿಕೆ. ಕೋಸ್ಟರೀಕದ ದಡಕ್ಕೆ ಪ್ರತಿವರ್ಷ ಎಷ್ಟು ಸಹಸ್ರ ಆಮೆಗಳು ಏರಿಬಂದರೂ, ಋಷಿಕುಲ್ಯದ ಮರಳಿನಲ್ಲಿ ಹುಟ್ಟುವ ‘ಕೆ’ ಶಾಖೆಯ ರೂಪಭೇದಗಳು ಅವುಗಳಲ್ಲಿಲ್ಲ.