ಗೊಂಬೆಯ ಮರ: ಆಯ್ಕೆ ಹಾಗೂ ರಕ್ಷಣೆಯ ದೇಶೀ ತಿಳಿವಳಿಕೆ

ಗೊಂಬೆಗಳನ್ನು ಕುರಿತ ಚರ್ಚೆಯಲ್ಲಿ ರೂಪ, ಬಣ್ಣ, ಆಚರಣೆಗಳಿಗೆ ದೊರೆಯುವ ಗಮನ ಅವುಗಳ ಮರಕ್ಕೆ ದೊರೆಯುವುದು ವಿರಳ. ಆದರೆ ಗೊಂಬೆಯ ಆಯುಷ್ಯವನ್ನೂ ಅದರ ಮೇಲಿನ ಲೇಪವನ್ನೂ ನಿರ್ಧರಿಸುವುದು ಮರವೇ. ಚನ್ನಪಟ್ಟಣ ಮತ್ತು ಕಿನ್ನಾಳಗಳ ಕಸುಬನ್ನು ಹೋಲಿಸಿದಾಗ ಈ ಸಂಗತಿ ಸ್ಪಷ್ಟವಾಗುತ್ತದೆ.

ಚನ್ನಪಟ್ಟಣದ ಕಸುಬಿಗೆ ಟಿಪ್ಪು ಸುಲ್ತಾನನ ಆಶ್ರಯವಿತ್ತೆಂದೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಅವರಿಂದ ಜಪಾನಿನ ತಂತ್ರ ಬಂದಿತೆಂದೂ ಪರಂಪರೆ ಹೇಳುತ್ತದೆ. ಮಕ್ಕಳ ಪುಟ್ಟ ಅಡುಗೆ ಸಾಮಾನು, ಗಿಲಕಿ, ಬುಗುರಿಗಳಿಗೆ ಇಲ್ಲಿ ಆರಿಸಿಕೊಂಡದ್ದು ಹಾಲೆ ಮರ. ದಂತದಂತೆ ಬಿಳುಪಾದ, ಒತ್ತಾದ ಎಳೆಯುಳ್ಳ ಈ ಮರ ಉಳಿಗೆ ಸಿಬಿರೇಳದೆ ಒದಗುತ್ತದೆ. ಕಡಿದ ಮರವನ್ನು ತಿಂಗಳುಗಟ್ಟಲೆ ಒಣಗಿಸಿ ಹದಗೊಳಿಸುತ್ತಾರೆ. ಹಸಿ ಉಳಿದರೆ ಬಿಳಿಯ ಮೈಗೆ ಬೂಷ್ಟಿನ ಕಲೆ ಹತ್ತುತ್ತದೆ. ಮುಂದೆ ಕುಗ್ಗಿದಾಗ ಲೇಪವೂ ಬಿರಿಯುತ್ತದೆ.

ಲೇಪನದ ಕ್ರಮವೂ ಮರವನ್ನೇ ಅವಲಂಬಿಸಿದೆ. ಲೇತಿನಲ್ಲಿ ತಿರುಗುವ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮೈಗೆ ಹರಡುತ್ತದೆ. ಅನಂತರ ಕೇದಗೆಯ ಗರಿಯಿಂದ ತಿಕ್ಕಿ ಹೊಳಪು ಬರಿಸುತ್ತಾರೆ. ಇಲ್ಲಿ ಅಲಂಕಾರ ಮತ್ತು ರಕ್ಷಣೆ ಒಂದೇ ಕ್ರಿಯೆಯಾಗಿವೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಿಡಿದ ದಾರಿ ಬೇರೆ. ಅವರು ಬಳಸುವ ಪೊಲ್ಕಿ ಮರ ಹಗುರ, ಮೆತು. ಬಿಡಿಬಿಡಿಯಾಗಿ ಕೆತ್ತಿದ ಅಂಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಸೆಣಬಿನ ಪುಡಿ ಮತ್ತು ಮರದ ಹೊಟ್ಟು ಬೆರೆತ ‘ಕಿಟ್ಟ’ವನ್ನು ಬಳಿಯುತ್ತಾರೆ. ಅದರ ಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಗಟ್ಟಿ ಮರಕ್ಕೆ ತೆಳು ಅರಗು ಸಾಕಾದರೆ, ಮೆತು ಮರಕ್ಕೆ ದಪ್ಪ ಕವಚ ಬೇಕಾಯಿತು. 

ಮೂರನೆಯ ಬಗೆಯ ರಕ್ಷಣೆ ಮನೆಯೊಳಗಿನದು. ದಸರೆಯ ಪಟ್ಟದ ಗೊಂಬೆಗಳಿಗೆ ಸಾಂಪ್ರದಾಯಿಕವಾಗಿ ರಕ್ತಚಂದನ ಬಳಕೆಯಾಗಿದೆ. ಹಬ್ಬ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿರಿಸುವ ಹೆಂಗಸರ ಎಚ್ಚರದಿಂದಲೇ ಅವು ತಲೆಮಾರುಗಳನ್ನು ದಾಟಿವೆ.

ಈಗ ಚನ್ನಪಟ್ಟಣದಲ್ಲಿ ರಬ್ಬರ್ ಮರವೂ ಬಳಕೆಯಲ್ಲಿದೆ. ಪಿಷ್ಟಾಂಶ ಹೆಚ್ಚಿರುವ ಈ ಮರಕ್ಕೆ ಕೊರಕ ಹುಳುವಿನ ಬಾಧೆ ಬೇಗ. ಆದ್ದರಿಂದ ಅದನ್ನು ಸಾಮಾನ್ಯವಾಗಿ ಬೋರಾನ್ ಲವಣಗಳಿಂದ ಸಂಸ್ಕರಿಸಲಾಗುತ್ತದೆ. ನೀರಿನಲ್ಲಿ ಕರಗುವ ಈ ಲವಣಗಳು ಮಗು ಬಾಯಿಗಿಡುವ ಆಟಿಕೆಯ ವಿಷಯದಲ್ಲಿ ಹೆಚ್ಚಿನ ಎಚ್ಚರವನ್ನು ಬೇಡುತ್ತವೆ. ಮರ ಬದಲಾದೊಡನೆ ರಕ್ಷಣೆಯ ಕ್ರಮವೂ ಕುಶಲಕರ್ಮಿಯ ಕೈಯಿಂದ ರಾಸಾಯನಿಕದ ಕಡೆಗೆ ಸರಿಯುತ್ತದೆ ಎಂಬುದು ಇಲ್ಲಿ ಗಮನಾರ್ಹ.

2005-06ರಲ್ಲಿ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆ ಮಾನ್ಯತೆ ಹೆಸರನ್ನು ಕಾಯುತ್ತದೆ. ಹಾಲೆ ಮರವನ್ನು ಬೆಳೆಸುವುದಿಲ್ಲ. ಕಸುಬಿನ ತಿಳಿವಳಿಕೆ ಉಳಿಯಬೇಕಾದರೆ ವಿನ್ಯಾಸ, ಮಾರುಕಟ್ಟೆಗಳ ಜೊತೆಗೆ ಮರ ನೆಡುವ ಕೆಲಸವೂ ಸಂರಕ್ಷಣೆಯ ಭಾಗವಾಗಬೇಕು. ಮರವನ್ನು ಕಳೆದುಕೊಂಡ ಕಸುಬು ತನ್ನ ರೂಪವನ್ನು ಉಳಿಸಿಕೊಂಡರೂ ಆ ರೂಪವನ್ನು ಹುಟ್ಟಿಸಿದ ವಿವೇಕವನ್ನು ಕಳೆದುಕೊಳ್ಳುತ್ತದೆ.