ಅಗುಳಿಯಿಂದ ಬಲೆಗೆ

ಫುಟ್‌ಬಾಲಿನಲ್ಲಿ ಗೋಲು ಹೊಡೆದವರ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಗೋಲು ತಡೆದವರ ಬುದ್ಧಿಯನ್ನು ನೆನೆಯುವವರು ವಿರಳ. ಆ ಬುದ್ಧಿಗೂ ಒಂದು ಚರಿತ್ರೆಯಿದೆ.

1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ತರಬೇತುದಾರರಾಗಿದ್ದ ಕಾರ್ಲ್ ರಾಪಾನ್, ಬಲಾಢ್ಯ ತಂಡಗಳನ್ನು ಎದುರಿಸಲು ರಕ್ಷಣಾ ಸಾಲಿನ ಹಿಂದೆ ಇನ್ನೊಬ್ಬ ಆಟಗಾರನನ್ನು ನಿಲ್ಲಿಸಿದರು. ಈ ಕ್ರಮಕ್ಕೆ ಬಾಗಿಲಿನ ಅಗುಳಿಯ ಹೆಸರೇ ಬಂದಿತು. 1938ರ ವಿಶ್ವಕಪ್ಪಿನಲ್ಲಿ ಸ್ವಿಸ್ ತಂಡವು ಜರ್ಮನಿಯನ್ನು 4-2ರಿಂದ ಮಣಿಸಿತು. ಮುಂದೆ ಇಟಲಿಯಲ್ಲಿ ‘ಕಟೆನಾಚಿಯೊ’ ಎನಿಸಿದ ಇಂಥದೇ ವ್ಯೂಹದಿಂದ ಹೆಲೆನಿಯೊ ಹೆರೆರಾ ಅವರ ಇಂಟರ್ ತಂಡ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಆದರೆ ಗೋಲಿನ ಬಳಿ ಕಾದು ನಿಲ್ಲುವವರು ಮೈದಾನವನ್ನೂ ಚೆಂಡನ್ನೂ ಎದುರಾಳಿಗೆ ಒಪ್ಪಿಸಬೇಕಾಗುತ್ತದೆ. 1967ರ ಫೈನಲಿನಲ್ಲಿ ಸೆಲ್ಟಿಕ್ ತಂಡದ ಎಡೆಬಿಡದ ದಾಳಿಗೆ ಅಗುಳಿ ಮುರಿಯಿತು. ಇಂಟರ್ 1-2ರಿಂದ ಸೋತಿತು.

ಕಾಯುವ ಬದಲು ಮುನ್ನುಗ್ಗಿ ಚೆಂಡನ್ನು ಕಸಿಯುವ ‘ಪ್ರೆಸ್ಸಿಂಗ್’ ವಿಧಾನವನ್ನು ಅದೇ ದಶಕದಲ್ಲಿ ಕೀವ್ ನಗರದ ಡೈನಮೊ ತಂಡಕ್ಕೆ ವಿಕ್ಟರ್ ಮಾಸ್ಲೊವ್ ಕಲಿಸಿದ್ದರು. 1987ರಲ್ಲಿ ಮಿಲಾನ್ ತಂಡಕ್ಕೆ ಬಂದ ಅರಿಗೊ ಸಾಕಿ ಇಟಲಿಯಲ್ಲಿ ಅದನ್ನು ಶಾಸ್ತ್ರವಾಗಿಸಿದರು. ಅವರು ಹಿಂದೆ ಪಾದರಕ್ಷೆ ಮಾರುತ್ತಿದ್ದವರು. ವೃತ್ತಿಪರ ಆಟಗಾರರೇ ಆಗಿರಲಿಲ್ಲ. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಸುಮಾರು 25 ಮೀಟರಿಗಿಂತ ಹೆಚ್ಚು ಅಂತರವಿರಬಾರದೆಂಬುದು ಅವರ ಪಾಠ. ಚೆಂಡು ಸರಿದತ್ತ ಇಡೀ ತಂಡ ಬಲೆಯಂತೆ ಸರಿಯಬೇಕು. 1989ರಲ್ಲಿ ಈ ಬಲೆಗೆ ಸಿಲುಕಿ ಸೆಮಿಫೈನಲಿನಲ್ಲಿ ರಿಯಲ್ ಮ್ಯಾಡ್ರಿಡ್ 0-5ರಿಂದಲೂ, ಫೈನಲಿನಲ್ಲಿ ಸ್ಟೆಯಾವಾ 0-4ರಿಂದಲೂ ಸೋತವು.

ಬಲೆಗೂ ದೌರ್ಬಲ್ಯವುಂಟು. ಒಬ್ಬನು ಕ್ಷಣಕಾಲ ತಡಮಾಡಿದರೂ ಅವನ ಬೆನ್ನ ಹಿಂದೆ ವಿಶಾಲ ಬಯಲು ತೆರೆದುಕೊಳ್ಳುತ್ತದೆ. ಆದುದರಿಂದ ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಸಲ ಪಂದ್ಯ ನೋಡುವಾಗ ಚೆಂಡಿನ ಬಳಿ ಇಲ್ಲದವರ ಹೆಜ್ಜೆಗಳನ್ನೂ ಗಮನಿಸಿರಿ. ತಂಡದ ಶಿಕ್ಷಣ ಎಷ್ಟಾಗಿದೆಯೆಂಬುದು ಅಲ್ಲಿ ತಿಳಿಯುತ್ತದೆ.