ನೀಲಗಿರಿ: ಬೆಟ್ಟದ ಹೆಸರು, ಮರದ ನೂಲು

ಸಾಹಿತ್ಯದ ವಿದ್ಯಾರ್ಥಿನಿಯಾದ್ದರಿಂದ ಈ ಮರವನ್ನ ನಾನು ಹೆಸರಿನಿಂದಲೇ ಹಿಡೀತೇನೆ. ಆಸ್ಟ್ರೇಲಿಯಾದ ಯೂಕಲಿಪ್ಟಸ್‌ಗೆ ತಮಿಳಿನಲ್ಲಿ ತೈಲಮರಂ ಅಂತಾರೆ, ಅದು ಎಲೆಯ ಎಣ್ಣೆಯಿಂದ ಬಂದ ಹೆಸರು. ಕನ್ನಡದಲ್ಲಿ ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟೆವು. ಆದರೆ ನೀಲಗಿರಿ ಬೆಟ್ಟಕ್ಕೆ ಸಸಿ ಬಂದದ್ದು 1843ರಲ್ಲಿ; ನಂದಿಬೆಟ್ಟದಲ್ಲಿ ಟಿಪ್ಪುವಿನ ಕಾಲಕ್ಕೇ, 1790ರ ಸುಮಾರಿಗೆ ನೆಟ್ಟಿದ್ದರು ಅನ್ನುತ್ತಾರೆ. ಊಟಿಯ ಬ್ರಿಟಿಷರಿಗೆ ಸೌದೆ ಬೇಕಿತ್ತು. ಕಡಿದರೂ ಬುಡದಿಂದ ಚಿಗುರುವ ಮರ ಅದಕ್ಕೆ ಒದಗಿತು.

ಬೆಟ್ಟದ ಕೆಳಗೆ, ಕೊಯಮತ್ತೂರು ಜಿಲ್ಲೆಯ ಸಿರುಮುಗೈಯಲ್ಲಿ ಇದೇ ಮರ ನೂಲಾಯಿತು. ಅದು ಮನೆಯೊಳಗೆ ಕನ್ನಡ ಆಡುವ ದೇವಾಂಗ ನೇಕಾರರ ಊರು. ಭವಾನಿ ದಡದ ಸೌತ್ ಇಂಡಿಯಾ ವಿಸ್ಕೋಸ್ ಕಾರ್ಖಾನೆ ಬೆಟ್ಟದಿಂದ ಇಳಿದ ಮರವನ್ನು ತಿರುಳು ಮಾಡಿ ರೇಯಾನ್ ತೆಗೆಯುತ್ತಿತ್ತು. ಮಗ್ಗದೂರಲ್ಲಿ ಮರದ ನೂಲು! ಕೊಳಕು ನೀರು ಮಾತ್ರ ಭವಾನಿಗೆ. ಹೊಳೆ ನಂಬಿದ್ದ ರೈತರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಕಾರ್ಖಾನೆ ಮುಚ್ಚಿತು, ಕೆಲಸಗಾರರು ಬೀದಿಗೆ ಬಿದ್ದರು. ಆ ನಷ್ಟವನ್ನೂ ಈ ಚರಿತ್ರೆಯಲ್ಲಿ ಬರೀಬೇಕು ಅಂತ ನನ್ನ ವಾದ.

ನಮ್ಮಲ್ಲೂ ಇಂಥದೇ ನಡೆದಿದೆ. ಹರಿಹರ ಪಾಲಿಫೈಬರ್ಸ್‌ನ ತಿರುಳಿಗಾಗಿ ಊರವರು ದನ ಮೇಯಿಸುತ್ತಿದ್ದ ನೆಲದಲ್ಲಿ ನೀಲಗಿರಿ ಬಂತು. 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತ ಜಾಗದಲ್ಲೇ ಜನ ತಮಗೆ ಬೇಕಾದ ಸಸಿ ಹಚ್ಚಿದರು.